ವಕೀಲರನ್ನು ಕಳಿಸಿದವರು

ಕೋರ್ಟಿನ ತಾರೀಖು ಇದ್ದ ದಿನ ನ್ಯಾಮತಿಯ ಮುರುಗೇಶಪ್ಪನವರ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳಬೇಕಾದವಳು ಸೊಸೆ ವಾಣಿಶ್ರೀ. ಮಾವ ಹೊನ್ನಾಳಿಯ ಬಸ್ಸು ಹತ್ತುವಷ್ಟರಲ್ಲಿ ಲಾಯರ್ ಗುರುಬಸವರಾಜ್ ಅವರಿಗೆ ಬುತ್ತಿ ಸಿದ್ಧವಾಗಿರಬೇಕು. ಮೂರು ಡಬ್ಬಿಯ ಕ್ಯಾರಿಯರ್. ಕೆಳಗೆ ಅನ್ನ ಸಾರು, ನಡುವೆ ಪಲ್ಯ, ಮೇಲೆ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ. ಫೀಸು ಬೇರೆ, ಬುತ್ತಿ ಬೇರೆ. "ನಮ್ಮ ಅನ್ನ ಉಂಡ ಬಾಯಿ ನಮ್ಮ ಮೇಲೆ ತಿರುಗಲ್ಲ" ಎಂಬುದು ಮುರುಗೇಶಪ್ಪನವರ ಕಾನೂನು. ಅದು ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಹನ್ನೊಂದು ವರ್ಷ ಅವರು ಕೋರ್ಟಿಗಿಂತ ಹೆಚ್ಚಾಗಿ ಅದನ್ನೇ ನಂಬಿದ್ದರು.

ಕೇಸು ಸ್ವಂತ ತಮ್ಮನ ಮೇಲೆ. ಅಣ್ಣ ತಮ್ಮ ಇಬ್ಬರೂ ಒಂದೇ ಮನೆಯನ್ನು ಎರಡು ಮಾಡಿಕೊಂಡಾಗ ನಡುವೆ ಮೂರಡಿ ಅಗಲದ ಓಣಿ ಉಳಿಯಿತು. ಹಿತ್ತಲಿನಿಂದ ರಸ್ತೆಗೆ ಬರಲು ಇಬ್ಬರಿಗೂ ಅದೇ ದಾರಿ ಎಂದು ಪಾಲುಪತ್ರದಲ್ಲಿ ಬರೆದಿತ್ತು. ತಮ್ಮ ಕಲ್ಲೇಶಪ್ಪ ಒಂದು ದಿನ ಬೀದಿನಾಯಿಗಳು ನುಗ್ಗುತ್ತವೆಂದು ಅದಕ್ಕೆ ಗೇಟು ಇಟ್ಟು ಬೀಗ ಜಡಿದ. ಕೀಲಿ ಕೇಳಲು ಅಣ್ಣ ಹೋಗಲಿಲ್ಲ, ಕೊಡಲು ತಮ್ಮ ಬರಲಿಲ್ಲ. ಇಬ್ಬರೂ ಹೊನ್ನಾಳಿ ಕೋರ್ಟಿಗೆ ಮಾತ್ರ ತಪ್ಪದೆ ಹೋದರು.

ಇದರಲ್ಲಿ ಇನ್ನೊಂದು ಪೇಚಿತ್ತು. ಮುರುಗೇಶಪ್ಪನವರ ಹೆಂಡತಿ ಸಿದ್ದಲಿಂಗಮ್ಮ, ಕಲ್ಲೇಶಪ್ಪನ ಹೆಂಡತಿ ಸಾವಂತ್ರಮ್ಮ, ಇಬ್ಬರೂ ಒಡಹುಟ್ಟಿದವರು, ಜಗಳೂರಿನ ಹೆಣ್ಣುಮಕ್ಕಳು. ಅಕ್ಕತಂಗಿಯರನ್ನು ಒಂದೇ ಮನೆಗೆ ಕೊಟ್ಟರೆ ಆ ಮನೆ ಒಡೆಯುವುದಿಲ್ಲವೆಂದು ಹಿರಿಯರು ಯೋಚಿಸಿದ್ದರು. ಈಗ ತವರಿನಲ್ಲಿ ಏನಾದರೂ ಕಾರ್ಯವಿದ್ದರೆ ಅಕ್ಕ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು, ತಂಗಿ ಮಧ್ಯಾಹ್ನದ ಬಸ್ಸಿಗೆ.

ಶ್ರಾವಣದ ಮೊದಲ ವಾರ, ಬೆಳಿಗ್ಗೆ ಏಳರ ಹೊತ್ತಿಗೆ ಆಚೆ ಮನೆಯ ಬಚ್ಚಲಿನಲ್ಲಿ ಏನೋ ಧಡಾರೆಂದಿತು. ಹಿಂದೆಯೇ "ಅವ್ವಾ!" ಎಂಬ ಕೂಗು. ಹಿಟ್ಟು ನಾದುತ್ತಿದ್ದ ಸಿದ್ದಲಿಂಗಮ್ಮ ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಓಡಿದರು. ಗೇಟಿಗೆ ಬೀಗ. ಮುಂಬಾಗಿಲಿಗೆ ಬಂದರೆ ಪಡಸಾಲೆಯಲ್ಲಿ ಗಂಡ ಪೇಪರ್ ಹಿಡಿದು ಕೂತಿದ್ದರು.

"ಸಾವಂತ್ರಿ ಬಿದ್ದಂಗೈತೆ ಕಣ್ರಿ."

"ಅವರ ಮನೇಲಿ ಜನ ಇದಾರೆ, ಎತ್ತತಾರೆ. ನೀನು ಒಳಗೆ ನಡಿ."

ಸಿದ್ದಲಿಂಗಮ್ಮ ಒಳಗೆ ಹೋದರು. ತಂಗಿಯ ಸೊಂಟಕ್ಕೆ ಪೆಟ್ಟಾಗಿದೆ, ಒಂದೂವರೆ ತಿಂಗಳು ಮಲಗಿರಬೇಕಂತೆ ಎಂದು ಅವರಿಗೆ ಮಾರನೆಯ ದಿನ ಹೇಳಿದವಳು ಸೊಪ್ಪು ಮಾರುವ ಹೆಂಗಸು. ಅವತ್ತು ಅವರು ಎರಡು ಹೊತ್ತೂ ಉಣ್ಣಲಿಲ್ಲ. ಸಂಜೆ ಸೊಸೆಯ ಪಕ್ಕ ಬಂದು ಕೂತರು.

"ವಾಣಿ, ನಾಳೆ ತಾರೀಖು ಐತಲ್ಲ. ಲಾಯರಿಗೆ ಒಂದು ಚೀಟಿ ಬರಿ."

"ಏನಂತ ಅತ್ತೆ?"

"ಆ ಮನೆಗೆ ಹೋಗಿ ರಾಜಿ ಮಾತಾಡ್ರಿ ಅಂತ. ಇವರಿಗೆ ಗೊತ್ತಾಗಬಾರದು ಅಂತ. ಕೆಳಗೆ ನನ್ ಹೆಸರು ಹಾಕು."

"ಮಾವಗೆ ತಿಳಿದ್ರೆ ನನ್ನ ಈ ಮನೇಲಿ ಇಟ್ಕಂತಾರಾ?"

"ಹೇಳಿದ್ದು ನಾನು, ಬರ್ದಿದ್ದು ನೀನು. ಬೈದ್ರೆ ಇಬ್ಬರಿಗೂ ಬೈತಾರೆ. ಬರಿ ಬರಿ."

ಸಿದ್ದಲಿಂಗಮ್ಮನಿಗೆ ಓದು ಬರಹ ಇಲ್ಲ. ಆ ಮನೆಯಲ್ಲಿ ಚೆನ್ನಾಗಿ ಬರೆಯುವವಳು ವಾಣಿಶ್ರೀ ಒಬ್ಬಳೇ. ಮದುವೆಯ ಪಟ್ಟಿಯಿಂದ ಹಿಡಿದು ಪಂಚಾಯಿತಿಯ ಅರ್ಜಿಯವರೆಗೆ ಎಲ್ಲವೂ ಅವಳ ಕೈಯಲ್ಲೇ. ನಾಲ್ಕು ಸಾಲು ಬರೆದಳು, ಹಾಲಿನ ಕವರಿನಲ್ಲಿ ಸುತ್ತಿದಳು, ಬೆಳಿಗ್ಗೆ ಮೇಲಿನ ಡಬ್ಬಿಯಲ್ಲಿ ರೊಟ್ಟಿಯ ಅಡಿಗೆ ಇಟ್ಟಳು. ಸಂಜೆ ಕ್ಯಾರಿಯರ್ ತೊಳೆದು ವಾಪಸ್ ಬಂತು. ಡಬ್ಬಿ ಖಾಲಿ ಕಳಿಸಬಾರದೆಂದು ಲಾಯರು ಎಂದಿನಂತೆ ಒಂದು ಹಿಡಿ ಕಲ್ಲುಸಕ್ಕರೆ ಹಾಕಿದ್ದರು. ಅತ್ತೆ ಸೊಸೆ ಇಬ್ಬರೂ ಅದನ್ನು ಒಪ್ಪಿಗೆ ಎಂದುಕೊಂಡು ಬಾಯಿಗೆ ಹಾಕಿಕೊಂಡರು.

ಆ ಭಾನುವಾರ ಮುರುಗೇಶಪ್ಪ ಕ್ಷೌರದ ಅಂಗಡಿಯಲ್ಲಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ. ಎದುರಿನ ಕನ್ನಡಿಯಲ್ಲಿ ರಸ್ತೆ ಕಾಣುತ್ತಿತ್ತು. ಅಲ್ಲಿ ತಮ್ಮನ ಮನೆಯ ಬಾಗಿಲು ತೆರೆಯಿತು. ಹೊರಬಂದವರು ಲಾಯರ್ ಗುರುಬಸವರಾಜ್. ಹಿಂದೆ ಕಲ್ಲೇಶಪ್ಪ. ಕೈಯಲ್ಲಿ ಎಲೆಅಡಿಕೆ ತಟ್ಟೆ, ಮುಖದ ತುಂಬ ನಗು.

ಅರ್ಧ ಗಡ್ಡದಲ್ಲೇ ಮನೆಗೆ ಬಂದ ಮಾವನನ್ನು ನೋಡಿ ವಾಣಿಶ್ರೀಗೆ ಮೊದಲು ನಗು ಬಂತು. ಅವರ ಮಾತು ಕೇಳಿದ ಮೇಲೆ ಆ ನಗು ನಿಂತಿತು.

"ಮಾರ್ಕೊಂಡ ಕಣೋ ನನ್ನ! ಹನ್ನೊಂದು ವರ್ಷ ನನ್ನ ರೊಟ್ಟಿ ತಿಂದೋನು ಅವರ ಮನೇಲಿ ಎಲೆಅಡಿಕೆ ಹಾಕಿ ಬಂದ!"

ಗೊಬ್ಬರದ ಅಂಗಡಿಗೆ ಹೊರಟಿದ್ದ ಮಗ ಅರುಣ್ ಕುಮಾರ್ ಬಾಗಿಲಲ್ಲೇ ನಿಂತ. "ಬೇರೆ ಏನೋ ಕೆಲಸಕ್ಕೆ ಬಂದಿರಬೌದು ಬಿಡಪ್ಪ."

"ಭಾನುವಾರ ಹೊನ್ನಾಳಿಯಿಂದ ಇಲ್ಲಿಗೆ ಯಾವ ಕೆಲಸ ಅವನಿಗೆ? ನನ್ನ ಕಣ್ಣು ಸುಳ್ಳು ಹೇಳ್ತೈತಾ?"

"ಒಂದು ಮಾತು ಕೇಳಿ ನೋಡು ಅವರನ್ನೇ."

"ಕಳ್ಳನ್ನ ಕೇಳಿದ್ರೆ ಹೂಂ ಕಳ್ಳ ಅಂತಾನಾ? ದೇವರನ್ನ ಕೇಳ್ತೀನಿ."

ಸಿದ್ದಲಿಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬಾಯಿ ತೆರೆದರೆ ಅಲ್ಲಿಗೇ ಮುಗಿಯುತ್ತಿತ್ತು. ಸೊಸೆ ಅವರ ಮುಖವನ್ನೇ ನೋಡಿದಳು. ಅವರು "ಸಾರು ಉಕ್ಕತೈತೆ" ಎಂದು ಒಳಗೆ ಹೋದರು. ಒಲೆಯ ಮೇಲೆ ಸಾರೇ ಇರಲಿಲ್ಲ.

ಶ್ರಾವಣ ಸೋಮವಾರ ವೀರಭದ್ರನ ಗುಡಿಯಲ್ಲಿ ಹೂ ಕೇಳುವುದೆಂದಾಯಿತು. ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಶುಭ, ಎಡಗಡೆಯದು ಬಿದ್ದರೆ ಅಲ್ಲ. ಮುರುಗೇಶಪ್ಪ ಕೈಮುಗಿದು ಗಟ್ಟಿಯಾಗಿಯೇ ಕೇಳಿದರು: "ಲಾಯರು ನಿಯತ್ತಾಗಿದ್ರೆ ಬಲಕ್ಕೆ ಕೊಡಪ್ಪ." ಹೆಂಡತಿ ಪಕ್ಕದಲ್ಲಿ ಕಾಯಿ ತಟ್ಟೆ ಹಿಡಿದು ನಿಂತಿದ್ದರು. ಹೂವು ಹತ್ತು ನಿಮಿಷ ಅಲುಗಲಿಲ್ಲ. ಆಮೇಲೆ ಎಡಗಡೆಯದು ಬಿತ್ತು.

"ದೇವರೇ ಎಡಕ್ಕೆ ಕೊಟ್ಟಾನೆ ಕಣೆ ವಾಣಿ" ಎಂದರು ಸಿದ್ದಲಿಂಗಮ್ಮ ಮನೆಗೆ ಬಂದು, ದನಿ ಇಳಿಸಿ. "ನಮ್ಮ ಮಾತಿಗೆ ಅಂತ ಹೋಗಿ ದುಡ್ಡೂ ತಗಂಡಿದ್ರೆ? ಹೇಳಾಕೆ ಆಗಲ್ಲ."

"ಅತ್ತೆ, ಕಳ್ಸಿದ್ದು ನಾವು."

"ಕಳ್ಸಿದ್ದು ನಾವೇ. ಅಲ್ಲಿ ಏನು ನಡೀತು ಅಂತ ನಾವು ಕಂಡೀವಾ?"

ತಪ್ಪು ಮಾಡಿದವರಿಗೆ ದೇವರು ಸುಲಭವಾಗಿ ಸಿಗುತ್ತಾನೆ. ಅವತ್ತು ಸಿದ್ದಲಿಂಗಮ್ಮ ಎರಡು ರೊಟ್ಟಿ ಹೆಚ್ಚಿಗೆ ತಿಂದರು. ವಾಣಿಶ್ರೀ ತನ್ನ ಪಾಲಿನ ರೊಟ್ಟಿಯನ್ನು ಬುಟ್ಟಿಯಲ್ಲೇ ಮುಚ್ಚಿಟ್ಟಳು.

ಗುರುವಾರ ತಾರೀಖು. ಬುತ್ತಿ ಇಲ್ಲದೆ ಹೋದ ಮುರುಗೇಶಪ್ಪ ಕೋರ್ಟಿನ ಜಗಲಿಯಲ್ಲಿ, ಕಕ್ಷಿದಾರರು, ಗುಮಾಸ್ತರು, ಪೊಲೀಸಿನವರು, ಎಲ್ಲರೂ ಇದ್ದ ಹೊತ್ತಿನಲ್ಲಿ ಲಾಯರನ್ನು ತಡೆದು ನಿಲ್ಲಿಸಿದರು. ಕಲ್ಲೇಶಪ್ಪ ಬೇವಿನ ಮರದ ಕೆಳಗಿದ್ದ. ಅಣ್ಣನನ್ನು ಕಂಡು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ನಾಲ್ಕು ಹೆಜ್ಜೆ ಅವರ ಕಡೆಗೇ ಬರುತ್ತಿದ್ದ. ಮುರುಗೇಶಪ್ಪ ಅದನ್ನು ನೋಡಲಿಲ್ಲ.

"ಏನ್ರಿ ಲಾಯರೇ, ನಮ್ಮ ತಮ್ಮ ಎಷ್ಟು ಕೊಟ್ಟ?"

ಗುರುಬಸವರಾಜ್ ಕರಿಕೋಟಿನ ತೋಳು ಸರಿಮಾಡಿಕೊಂಡರು. "ಒಳಗೆ ಬರ್ರಿ ಯಜಮಾನ್ರೇ, ಮಾತಾಡಾಣ."

"ಇಲ್ಲೇ ಹೇಳ್ರಿ. ಅವನ ಮನೆಗೆ ಹೋಗಿದ್ರೋ ಇಲ್ವೋ?"

"ಹೋಗಿದ್ದೆ."

"ಯಾಕೆ?"

ಲಾಯರು ಕೈಯಲ್ಲಿದ್ದ ಫೈಲು ಮುಚ್ಚಿದರು. "ಅದನ್ನ ಹೇಳಾಕೆ ಬರಲ್ಲ. ದುಡ್ಡು ಮಾತ್ರ ಮುಟ್ಟಿಲ್ಲ."

"ಕೇಳಿದ್ರೇನ್ರಪ್ಪ! ಹೋಗಿದ್ದು ನಿಜ, ಯಾಕೆ ಅಂತ ಹೇಳಲ್ವಂತೆ! ಇವನಿಗೆ ಕರಿಕೋಟು ಯಾಕೆ, ಕಳ್ಳನಿಗೆ!"

ಮರದ ಕೆಳಗಿನಿಂದ ಬರುತ್ತಿದ್ದ ಕಲ್ಲೇಶಪ್ಪ ಅಲ್ಲೇ ನಿಂತ. "ಲಂಚ ಕೊಡೋ ಗತಿ ನಂಗೆ ಬಂದಿಲ್ಲ ಕಣಣ್ಣ" ಎಂದು ಒಂದು ಮಾತು ಹೇಳಿ ಬಂದ ದಾರಿಯಲ್ಲೇ ಹೋದ.

ಮುಂದಿನ ವಾರ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸು ಬಂತು. ಅರುಣ್ ಓದಿದ: ಅನಿವಾರ್ಯ ಕಾರಣಗಳಿಂದ ತಮ್ಮ ವಕಾಲತ್ತಿನಿಂದ ನಿವೃತ್ತನಾಗುತ್ತಿದ್ದೇನೆ, ತಾವು ಬೇರೆ ವಕೀಲರನ್ನು ನೇಮಿಸಿಕೊಳ್ಳತಕ್ಕದ್ದು, ಅದಕ್ಕೆ ನನ್ನ ಅಭ್ಯಂತರವಿಲ್ಲ. ಹಿಂದೆಯೇ ಕೇಸಿನ ಕಟ್ಟು ಬಂತು. ಹನ್ನೊಂದು ವರ್ಷದ ಕಾಗದ, ಕೆಂಪು ದಾರದಲ್ಲಿ ಬಿಗಿದಿದ್ದು. ಗುರುಬಸವರಾಜ್ ಬಸ್ ಟಿಕೆಟ್ಟನ್ನೂ ಎಸೆಯದ ಮನುಷ್ಯ.

ಮಾವ ಸ್ನಾನಕ್ಕೆ ಹೋದ ತಕ್ಷಣ ವಾಣಿಶ್ರೀ ಕಟ್ಟು ಬಿಚ್ಚಿದಳು. ಅತ್ತೆ ಬಚ್ಚಲ ಬಾಗಿಲು ಕಾಯ್ದರು. ಒಂದೊಂದೇ ಹಾಳೆ ತಿರುವಿದಳು. ಪಾಲುಪತ್ರದ ನಕಲು, ಕೋರ್ಟ್ ಫೀಸಿನ ರಸೀದಿ, ಓಣಿಯ ಫೋಟೊ. ಚೀಟಿ ಇರಲಿಲ್ಲ.

"ಇಲ್ಲ ಅತ್ತೆ."

"ಉಳ್ಕಂಡ್ವಿ" ಎಂದರು ಸಿದ್ದಲಿಂಗಮ್ಮ.

ವಾಣಿಶ್ರೀ ದಾರ ಕಟ್ಟುತ್ತ ಅತ್ತಳು. ಸಿಕ್ಕಿದ್ದರೆ ಬೈಗುಳ ತಿಂದು ಹಗುರಾಗುತ್ತಿದ್ದಳೋ ಏನೋ. ಆ ಮನುಷ್ಯ ತನ್ನನ್ನು ಉಳಿಸಿಕೊಳ್ಳುವ ಬದಲು ಇವಳನ್ನು ಉಳಿಸಿದ್ದ. ಅದನ್ನು ಹೊರುವುದು ಅವಳಿಂದ ಆಗಲಿಲ್ಲ.

ಹೊನ್ನಾಳಿಯಲ್ಲಿ ಯಾವ ವಕೀಲರೂ ಫೈಲು ಮುಟ್ಟಲಿಲ್ಲ. "ಗುರುಬಸವರಾಜ್ ಅವರನ್ನೇ ಕಳ್ಳ ಅಂದೋರು ನಮ್ಮನ್ನ ಬಿಡ್ತೀರಾ?" ಎಂದು ನಕ್ಕು ಕಳಿಸಿದರು. ಕೊನೆಗೆ ಚನ್ನಗಿರಿಯ ಒಬ್ಬ ವಕೀಲರು ಒಪ್ಪಿದರು. ಅವರು ಉಳಿದದ್ದು ಹದಿನೆಂಟು ದಿನ. ಮುರುಗೇಶಪ್ಪ ದಿನ ಬಿಟ್ಟು ದಿನ ಚನ್ನಗಿರಿಗೆ ಹೋಗಿ ಆಫೀಸಿನ ಎದುರು ಟೀ ಅಂಗಡಿಯಲ್ಲಿ ಕೂತು, ಬಾಗಿಲಲ್ಲಿ ತಮ್ಮನ ಚಪ್ಪಲಿ ಇದೆಯೇ ಎಂದು ನೋಡುತ್ತಿದ್ದರು. ಒಂದು ದಿನ ಅಂಥದ್ದೇ ಜೊತೆ ಕಂಡು ಒಳಗೆ ನುಗ್ಗಿದರು. ಚಪ್ಪಲಿ ಕೆರೆಬಿಳಚಿಯ ಯಾರೋ ರೈತನದು. ವಕೀಲರು ಆಗಿಂದಾಗಲೇ ಫೈಲು ಕೈಗಿಟ್ಟರು.

"ಅಪ್ಪಾ, ಈ ವಯಸ್ಸಲ್ಲಿ ನೀನು ಚಪ್ಪಲಿ ಕಾಯೋ ಕೆಲಸಕ್ಕೆ ಸೇರಿದೆ" ಎಂದ ಅರುಣ್ ರಾತ್ರಿ ಊಟಕ್ಕೆ ಕೂತು. "ಲಾಯರಿಲ್ದೆ ಮುಂದಿನ ತಾರೀಖಿಗೆ ಕೇಸು ವಜಾ ಆಗ್ತೈತೆ. ಆಮೇಲೆ ಓಣಿ ಮರ್ತುಬಿಡು."

"ಕಳ್ಳರ ಸಂತೇಲಿ ನ್ಯಾಯ ಎಲ್ಲಿಂದ ಬರ್ಬೇಕು? ನಾನು ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದೋನಲ್ಲ. ನಂಗ್ಯಾಕೆ ಹಿಂಗಾಗಬೇಕು?"

ಹೊನ್ನಾಳಿಯಲ್ಲಿ ಬಿ.ಕಾಂ ಓದುತ್ತಿದ್ದ ಮೊಮ್ಮಗಳು ಮೇಘಶ್ರೀ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಜ್ಜ, ಗುರುಬಸವರಾಜ್ ಸಾರ್ ಮಗಳು ನಮ್ಮ ಕ್ಲಾಸೇ. ಇವತ್ತು ಯಾರೋ ಅವಳಿಗೆ 'ನಿಮ್ಮಪ್ಪ ಎರಡೂ ಎಲೇಲಿ ಉಣ್ತಾರಂತೆ' ಅಂದ್ರು. ಕಂಪ್ಯೂಟರ್ ಲ್ಯಾಬಲ್ಲಿ ಕೂತು ಅತ್ಲು. ನಾಲ್ಕೈದು ಜನ ಫೈಲು ವಾಪಸ್ ತಗಂಡೋದ್ರಂತೆ."

"ಮಾಡಿದ್ದುಣ್ಣೋ ಮಹರಾಯ" ಎಂದರು ಮುರುಗೇಶಪ್ಪ, ಮಜ್ಜಿಗೆ ಸುರಿದುಕೊಂಡು.

ವಾಣಿಶ್ರೀ ಎದ್ದು ಹಿತ್ತಲಿಗೆ ಹೋದಳು. ಪಾತ್ರೆ ತರುವ ನೆಪದಲ್ಲಿ ಅತ್ತೆಯೂ ಬಂದರು.

"ಇನ್ನು ನಂಗೆ ಆಗಲ್ಲ ಅತ್ತೆ. ಹೇಳ್ಬಿಡ್ತೀನಿ."

"ಹೇಳಿದ್ರೆ ಏನಾಗ್ತೈತೆ? ನನ್ನ ಜಗಳೂರಿಗೆ ಕಳಸ್ತಾರೆ, ನಿನ್ನ ತವರಿಗೆ ಕಳಸ್ತಾರೆ. ಲಾಯರ ಹೋದ ಮಾನ ಬರ್ತೈತಾ?"

"ಬರ್ತೈತೆ. ಅದೊಂದೇ ಬರ್ತೈತೆ."

"ಈ ವಯಸ್ಸಲ್ಲಿ ಗಂಡನ ಕೈಲಿ ಮೋಸಗಾತಿ ಅನ್ನಿಸ್ಕಳಾಕೆ ನಂಗೆ ಧೈರ್ಯ ಇಲ್ಲ ಕಣೆ" ಎಂದರು ಸಿದ್ದಲಿಂಗಮ್ಮ. ಮೊದಲ ಸಲ ನಿಜ ಹೇಳಿದ್ದರು. ಸೊಸೆ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು.

ಎರಡು ದಿನ ಕಳೆದು ಮುರುಗೇಶಪ್ಪ ಬಿಳಿ ಹಾಳೆ, ಕಾರ್ಬನ್ನು ಎಲ್ಲ ತಂದು ಪಡಸಾಲೆಯ ಮಣೆಯ ಮೇಲಿಟ್ಟರು.

"ವಾಣಿ, ಬಾಮ್ಮ. ಬೆಂಗಳೂರಿಗೆ ವಕೀಲರ ಪರಿಷತ್ತಿಗೆ ಒಂದು ದೂರು ಬರೀಬೇಕು. ಅವನ ಕೋಟು ಬಿಚ್ಚಿಸ್ತೀನಿ. ನಿನ್ನ ಅಕ್ಷರ ಮುತ್ತಿನಂಗೈತೆ."

ವಾಣಿಶ್ರೀ ಕೈ ಒರೆಸಿಕೊಂಡು ಕೂತಳು. ಮಾವ ಓಡಾಡುತ್ತ ಹೇಳಿದರು: "ಸದರಿ ವಕೀಲರು ನನಗೆ ತಿಳಿಸದೆ ಎದುರುದಾರನ ಮನೆಗೆ ಹೋಗಿ..." ಅವಳು ಬರೆದಳು. "...ಅವನಿಂದ ಹಣ ಪಡೆದು..."

ಪೆನ್ನು ನಿಂತಿತು.

"ಬರಿಯಮ್ಮ. ಹಣ ಪಡೆದು."

"ಹಣ ಪಡೀಲಿಲ್ಲ ಮಾವ."

"ನಿಂಗೆ ಹೆಂಗೆ ಗೊತ್ತು?"

"ಅವರನ್ನ ಅಲ್ಲಿಗೆ ಹೋಗ್ರಿ ಅಂತ ಚೀಟಿ ಬರ್ದಿದ್ದು ನಾನು. ರೊಟ್ಟಿ ಡಬ್ಬೀಲಿ ಇಟ್ಟಿದ್ದೆ. ರಾಜಿ ಮಾತಾಡ್ರಿ, ಮಾವಗೆ ಹೇಳ್ಬ್ಯಾಡ್ರಿ ಅಂತ."

ಅಡುಗೆಮನೆಯಲ್ಲಿ ಒಂದು ಲೋಟ ಬಿತ್ತು. ಅರುಣ್ ಕುರ್ಚಿಯಿಂದ ಎದ್ದ. "ವಾಣಿ, ಏನ್ ಮಾತಾಡ್ತಿದೀಯ?" ಮುರುಗೇಶಪ್ಪ ಮಾತ್ರ ಅಲುಗಲಿಲ್ಲ. ಸೊಸೆಯ ಮುಖ ನೋಡಿದರು, ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಹೆಂಡತಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು.

"ಅವಳು ಬರ್ದಿದ್ದು ಕಣ್ರಿ, ಹೇಳಿದ್ದು ನಾನು. ಸಾವಂತ್ರಿ ಬಿದ್ದು ಅವ್ವಾ ಅಂದ್ಲಲ್ಲ, ಅವತ್ತು."

"ವೀರಭದ್ರನ ಮುಂದೆ ನನ್ನ ಪಕ್ಕದಲ್ಲಿ ನಿಂತಿದ್ದೆ ನೀನು."

"ನಿಂತಿದ್ದೆ."

"ಸುಮ್ನಿದ್ದೆ."

"ಹೂಂ. ಸುಮ್ನಿದ್ದೆ."

ಎಲ್ಲರೂ ಸಿಡಿಲಿಗೆ ಕಾಯ್ದರು. ಮುರುಗೇಶಪ್ಪ ಮಣೆಯ ಮೇಲಿದ್ದ ಹಾಳೆ ತೆಗೆದುಕೊಂಡು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಒಂದು ಮಾತು ಬಾಯಿಬಿಟ್ಟು ಹೇಳಾಕೆ ಆಗದೆ ರೊಟ್ಟಿ ಕೆಳಗೆ ಚೀಟಿ ಇಡಬೇಕಾತಾ? ಅಷ್ಟು ಕೆಟ್ಟವನಾ ನಾನು?"

ಅಲ್ಲ ಎನ್ನಲು ಯಾರೂ ಬಾಯಿ ತೆರೆಯಲಿಲ್ಲ. ಆಮೇಲೆ ಮುರುಗೇಶಪ್ಪನವರೇ ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಕಲ್ಲೇಶಿ ಏನಂದ್ನಂತೆ?"

ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಲಾಯರು ಒಬ್ಬರೇ.

ಮಾರನೆಯ ದಿನ ಮಾವ ಸೊಸೆ ಇಬ್ಬರೂ ಹೊನ್ನಾಳಿಗೆ ಹೋದರು. ಗುರುಬಸವರಾಜ್ ಆಫೀಸಿನಲ್ಲಿ ಒಬ್ಬರೇ ಇದ್ದರು. ಮೊದಲೆಲ್ಲ ಕೂರಲು ಜಾಗ ಸಿಗದ ಬೆಂಚು ಖಾಲಿ ಇತ್ತು. ಎದ್ದು ನಿಂತು, "ಬರ್ರಿ ಯಜಮಾನ್ರೇ, ಕೂತ್ಕಳ್ರಿ ತಾಯಿ" ಎಂದರು. ವಾಣಿಶ್ರೀ ಕೂರದೆ ಕೈಮುಗಿದು ನಿಂತಳು.

"ಆ ಚೀಟಿ ತೋರ್ಸಿದ್ರೆ ಅವತ್ತೇ ಮುಗೀತಿತ್ತಲ್ಲ ಸಾರ್."

"ಓದಿದ ದಿನಾನೇ ಹರಿದು ಹಾಕಿದೆ ತಾಯಿ. ಮನೆಯೊಳಗಿನ ಕಾಗದ ಕೋರ್ಟಿನ ಕಟ್ಟಲ್ಲಿ ಇರಬಾರದು."

ಮುರುಗೇಶಪ್ಪ ನೆಲ ನೋಡುತ್ತಲೇ ಕೇಳಿದರು. "ನಮ್ಮ ತಮ್ಮ ಏನಂದ?"

"ಒಂದೇ ಮಾತಿಗೆ ಒಪ್ಪಿದ್ರು. ಮೊದಲು ಕೇಳಿದ್ರು, ಅಣ್ಣ ಕಳ್ಸಿದ್ನಾ ಅಂತ. ನಾನು ಹೂಂ ಅನ್ಲಿಲ್ಲ, ಊಹೂಂ ಅನ್ಲೂ ಇಲ್ಲ. ಅವರು ಹೌದು ಅನ್ಕಂಡ್ರು. 'ನಮ್ಮಣ್ಣನೇ ಮೊದಲು ಮಾತು ಕಳ್ಸ್ಯಾನೆ ಅಂದ್ರೆ ನಂಗೆ ಇನ್ನೇನು ಬೇಕ್ರಿ' ಅಂತ ಕಣ್ಣು ಒರೆಸ್ಕಂಡ್ರು. ನೀವು ಜಗಲೀಲಿ ಕೂಗಾಡಿದ ದಿನ ಗೇಟಿನ ಕೀಲಿ ಜೇಬಲ್ಲಿ ಇಟ್ಕಂಡು ಬಂದಿದ್ರು."

ಮುರುಗೇಶಪ್ಪ ಬೆಂಚಿನ ಮೇಲೆ ಕೂತರು. "ಮತ್ತೆ ವಕಾಲತ್ತು ಹಾಕ್ರಿ" ಎಂದರು ಕೊನೆಗೆ.

"ಆಗಲ್ಲ. ನೀವು ಬೈದ್ರಿ ಅಂತ ಬಿಟ್ಟಿದ್ದಲ್ಲ ನಾನು. ಕಕ್ಷಿದಾರನಿಗೆ ಹೇಳ್ದೆ ಎದುರುದಾರನ ಮನೆ ಮೆಟ್ಟಿಲು ಹತ್ತಿದ ವಕೀಲ ಆ ಕೇಸಲ್ಲಿ ಇರಬಾರದು. ಹನ್ನೊಂದು ವರ್ಷದ ಅನ್ನದ ಹಂಗಿಗೆ ಹೋದೆ. ಹೆಣ್ಣುಮಕ್ಕಳು ಕೇಳ್ಯಾರೆ ಅಂತ ಹೋದೆ. ತಪ್ಪು ತಪ್ಪೇ. ನೀವು ದೂರು ಕೊಟ್ರೆ ಒಪ್ಕಂತೀನಿ."

"ನಾನು ಕಳ್ಸಿದ್ದೆ ಅಂದ್ರೆ ಅದು ತಪ್ಪಲ್ವಾ?"

"ನೀವು ಕಳ್ಸಿದ್ರೆ ತಪ್ಪಲ್ಲ. ನೀವು ಕಳ್ಸಿರ್ಲಿಲ್ಲ" ಎಂದರು ಲಾಯರು.

ತಾರೀಖಿನ ದಿನ ಮುರುಗೇಶಪ್ಪ ಹೆಂಡತಿಯನ್ನೂ ಸೊಸೆಯನ್ನೂ ಕರೆದುಕೊಂಡೇ ಹೊರಟರು. ಕೋರ್ಟಿನಲ್ಲಿ ಹೆಂಗಸರಿಬ್ಬರೂ ಹಿಂದಿನ ಬೆಂಚಿನಲ್ಲಿ ಕೂತರು. ಮುಂದೆ ವಕೀಲರ ಸಾಲಿನಲ್ಲಿ ಗುರುಬಸವರಾಜ್ ಬೇರೆ ಕೇಸಿಗೆ ಕಾಯುತ್ತಿದ್ದರು. ಅವರ ಪಕ್ಕದ ಎರಡು ಕುರ್ಚಿ ಖಾಲಿ ಇದ್ದವು. ಕಲ್ಲೇಶಪ್ಪ ಗೋಡೆಗೆ ಒರಗಿ ನಿಂತಿದ್ದ.

ಕೇಸು ಕೂಗಿದರು. ನ್ಯಾಯಾಧೀಶೆ ಫೈಲು ನೋಡಿ ಕೇಳಿದರು. "ಇಬ್ಬರು ವಕೀಲರು ನಿವೃತ್ತರಾಗಿದ್ದಾರೆ. ಈಗ ನಿಮ್ಮ ವಕೀಲರು ಯಾರು?"

"ಯಾರೂ ಇಲ್ಲ ತಾಯಿ. ಒಂದು ಮಾತು ಹೇಳಾಕೆ ಅಪ್ಪಣೆ ಕೊಡ್ರಿ."

"ಹೇಳಿ."

ಮುರುಗೇಶಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದರು. "ಈ ಕೋರ್ಟಿನ ಜಗಲೀಲಿ ಎಲ್ಲರ ಮುಂದೆ ನಾನು ಗುರುಬಸವರಾಜ್ ಲಾಯರಿಗೆ ಕಳ್ಳ ಅಂದೆ. ನಮ್ಮ ತಮ್ಮ ಲಂಚ ಕೊಟ್ಟಾನೆ ಅಂದೆ. ಎರಡೂ ಸುಳ್ಳು. ಲಾಯರನ್ನ ನಮ್ಮ ತಮ್ಮನ ಮನೆಗೆ ರಾಜಿಗೆ ಕಳ್ಸಿದ್ದು ನಾನೇ."

ಗುರುಬಸವರಾಜ್ ಅರ್ಧ ಎದ್ದರು. ಮುರುಗೇಶಪ್ಪ ಅವರ ಕಡೆ ತಿರುಗಲೇ ಇಲ್ಲ.

"ನೀವೇ ಕಳಿಸಿ, ನೀವೇ ಕಳ್ಳ ಎಂದಿರಾ?"

"ಹೂಂ ತಾಯಿ. ಕಳ್ಸಿದ ಮೇಲೆ ತಮ್ಮನ ಮುಂದೆ ಸಣ್ಣವನಾದೆ ಅನ್ನಿಸ್ತು. ಅದನ್ನ ಮುಚ್ಕಳಾಕೆ ಅವರ ಮಾನ ತೆಗ್ದೆ."

ಯಾರೋ ನಕ್ಕರು. ಅರವತ್ತೆಂಟು ವರ್ಷದ ಮನುಷ್ಯ ಅಷ್ಟು ಜನರ ನಡುವೆ ತಲೆ ತಗ್ಗಿಸಿ ನಿಂತಿದ್ದರು, ಮಾಡದ ತಪ್ಪನ್ನು ಮಾಡಿದ್ದೇನೆಂದು ಹೇಳುತ್ತ. ವಾಣಿಶ್ರೀ ಎದ್ದಳು. ಸಿದ್ದಲಿಂಗಮ್ಮ ಅವಳ ಮುಂಗೈ ಹಿಡಿದು ಎಳೆದು ಕೂರಿಸಿದರು. ಅವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಕೂತ್ಕ. ಈಗ ನೀನು ಎದ್ರೆ ಅವರು ಹೇಳಿದ್ದು ಸುಳ್ಳಾಗ್ತೈತೆ. ಲಾಯರು ಮತ್ತೆ ಸಿಕ್ಕಾಕ್ಕಂತಾರೆ."

ಗೋಡೆಯ ಪಕ್ಕದಲ್ಲಿ ಕಲ್ಲೇಶಪ್ಪ ಮುಖ ಒರೆಸಿಕೊಂಡ. ಮುಂದಿನ ತಾರೀಖಿಗೆ ರಾಜಿ ಅರ್ಜಿ ಹಾಕುವುದಾಗಿ ಇಬ್ಬರೂ ಒಪ್ಪಿದರು. ಹೊರಗೆ ಬಂದಾಗ ಗುರುಬಸವರಾಜ್ ಹತ್ತಿರ ಬಂದು, "ಹಂಗೆ ಹೇಳಬಾರದಿತ್ತು ಯಜಮಾನ್ರೇ" ಎಂದರು. ಮುರುಗೇಶಪ್ಪ ಕೈಮುಗಿದು ಬಸ್ ನಿಲ್ದಾಣದ ಕಡೆ ನಡೆದರು. ಮನೆಯಲ್ಲಿ ಆ ವಿಷಯ ಯಾರೂ ಎತ್ತಬಾರದೆಂದು ಬಸ್ಸು ಹತ್ತುವಾಗ ಒಂದೇ ಮಾತಿನಲ್ಲಿ ಹೇಳಿದರು.

ಆ ವಾರವೇ ಓಣಿಯ ಗೇಟು ತೆರೆಯಿತು. ಅದರ ಮಾರನೆಯ ಬೆಳಿಗ್ಗೆ, ರೊಟ್ಟಿ ಬಡಿಯುವ ಹೊತ್ತಿಗೆ, ಸಾವಂತ್ರಮ್ಮ ಕೋಲೂರಿಕೊಂಡು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬಂದರು. ಅಕ್ಕತಂಗಿ ತಬ್ಬಿಕೊಂಡು ಅತ್ತರು. ವಾಣಿಶ್ರೀ ಮಣೆ ಹಾಕಿದಳು, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಸಾವಂತ್ರಮ್ಮ ಎರಡು ತುತ್ತು ತಿಂದು ಕಣ್ಣೊರೆಸಿಕೊಂಡರು.

"ಕಲ್ಲಿನಂಥ ಮನುಷ್ಯ ಅಂತಿದ್ವಿ ಭಾವನ್ನ. ನಾನು ಬಿದ್ದಿದ್ದು ಕೇಳಿ ಅವರ ಕರುಳು ಚುರುಕ್ ಅಂತು ನೋಡಕ್ಕ. ಲಾಯರನ್ನ ಕಳ್ಸಿದ್ರು. ನೀನು ಒಂದೇ ಹೊಟ್ಟೇಲಿ ಹುಟ್ಟಿದೋಳು. ಗೋಡೆ ಆಚೆ ಇದ್ದೆ, ಕೂಗಿದ್ದೂ ಕೇಳಿರ್ತೈತೆ. ಹೆಂಗಿದೀಯೆ ಅಂತ ಒಂದು ಮಾತು ಕಳ್ಸಾಕೆ ಆಗ್ಲಿಲ್ವಾ ನಿಂಗೆ?"

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ವಾಣಿಶ್ರೀ ಅದನ್ನು ತಿರುವದೆ ಅತ್ತೆಯ ಕಡೆ ನೋಡಿದಳು. ಪಡಸಾಲೆಯಲ್ಲಿ ಪೇಪರ್ ಮಡಚುವ ಸದ್ದಾಯಿತು.

"ಕೇಳಿತ್ತು ಕಣೆ" ಎಂದರು ಸಿದ್ದಲಿಂಗಮ್ಮ. "ಕೇಳಿತ್ತು. ನಾನು ಕಳ್ಸ್ಲಿಲ್ಲ."

ಸಾವಂತ್ರಮ್ಮ ತಟ್ಟೆ ಕೆಳಗಿಟ್ಟರು.